ಹಿಡಿ, ಎತ್ತು, ಬಿಡು

ಹೋದ ತಿಂಗಳು ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೇಳೆ ತಳ ಹಿಡಿಯಿತು. ಹೊಸದಾಗಿ ಸೇರಿದ ಹೆಂಗಸು ಒಲೆಯ ಮೇಲೆ ಪಾತ್ರೆಯಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತಿದ್ದಳು. ಹೊತ್ತಿದ ಬೇಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಾನಾಗಿ ತೆರೆದುಕೊಂಡು ಹಿಡಿದಿದ್ದ ತಟ್ಟೆಗಳೆಲ್ಲ ನೆಲಕ್ಕೆ ಬಿದ್ದವು. ಸ್ಟೀಲಿನ ತಟ್ಟೆಗಳು, ಒಡೆಯಲಿಲ್ಲ. ಆದರೆ ಆ ಸದ್ದಿಗೆ ಆ ಹೆಂಗಸು ಗೋಡೆಗೆ ಅಂಟಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರಿಸಿಬಿಟ್ಟಳು.

"ಎಂತಕ್ಕೆ ಹಾಗೆ ಕೂತೆ? ನಾನೇನು ಹೊಡೀತೀನಾ?" ಎಂದೆ. ನನ್ನ ದನಿಯೇ ಹೊಡೆಯುವ ಹಾಗಿತ್ತು.

"ಇಲ್ಲಕ್ಕ. ಮೊದ್ಲು ಇದ್ದ ಕಡೆ ಹೊಡೀತಿದ್ರು. ಅಭ್ಯಾಸ," ಎಂದಳು.

ನಾನು ಸೊರಬದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯ ಜವಾಬ್ದಾರಿ ಹೊತ್ತವಳು. ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಸಿಟ್ಟು ಬಂದರೆ ಪಾತ್ರೆಗೂ ಬೈಯುತ್ತೇನೆ, ಗ್ಯಾಸ್ ಸಿಲಿಂಡರಿಗೂ ಬೈಯುತ್ತೇನೆ. ಕೈ ಮಾತ್ರ ಎತ್ತುವುದಿಲ್ಲ. ನನ್ನ ಅಡುಗೆಮನೆಯಲ್ಲಿ ಇನ್ನೊಂದು ಕಟ್ಟಪ್ಪಣೆಯೂ ಇದೆ. ಇಬ್ಬರು ಸೇರಿ ಬಿಸಿ ಪಾತ್ರೆ ಇಳಿಸುವಾಗ ಯಾರೂ 'ಬಿಡು' ಅನ್ನಬಾರದು, 'ಇಳೀತು' ಅನ್ನಬೇಕು. ಹೊಸಬರು ಮುಸಿಮುಸಿ ನಗುತ್ತಾರೆ. ನಗಲಿ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ತಟ್ಟೆಗಳು ಬಿದ್ದ ಆ ಹೊತ್ತಿನಿಂದ ಮಾತ್ರ, ನಾನು ಈ ಕೆಲಸಕ್ಕೆ ಮೊದಲು ಕಾಲಿಟ್ಟ ಆ ವರ್ಷ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ನಮ್ಮೂರು ಆನವಟ್ಟಿಯ ಹತ್ತಿರ. ಅಪ್ಪನಿಗೆ ಒಂದಿಷ್ಟು ಮೆಕ್ಕೆಜೋಳದ ಹೊಲ, ಒಂದು ಹಿಂಡು ಕುರಿ. ನಾನು ಬಿ.ಎ.ಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಮನೆಯಲ್ಲಿ ಕೂತ ಹುಡುಗಿ ಎಲ್ಲರ ಕಣ್ಣಿಗೂ ಬೀಳುತ್ತಾಳೆ, ನನ್ನ ಸೋದರಮಾವನ ಕಣ್ಣಿಗೂ ಬಿದ್ದೆ. ಅವನಿಗೆ ನನಗಿಂತ ಹದಿನೈದು ವರ್ಷ ಹೆಚ್ಚು. ಅವನ ಮೊದಲ ಹೆಂಡತಿ ಏಟು ತಡೆಯಲಾರದೆ, ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತವರಿಗೆ ಓಡಿಹೋದವಳು ತಿರುಗಿ ಬಂದಿರಲಿಲ್ಲ. "ಅವ್ಳೇ ಸರಿ ಇರ್ಲಿಲ್ಲ ಬಿಡು," ಅನ್ನುತ್ತಿದ್ದಳು ಅವ್ವ, ತಮ್ಮನನ್ನು ಬಿಟ್ಟುಕೊಡದೆ. ಆ ಕೈ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಒಣಗಿದ ತೊಗರಿ ಕಡ್ಡಿ ಮುರಿದಷ್ಟೇ ಸದ್ದಾಗಿತ್ತು.

ಹಾಗಾಗಿ ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಜನ ಬೇಕಂತೆ ಎಂದು ಕೇಳಿದ್ದೇ ಹೋಗಿ ನಿಂತೆ. ಹೊಲಿಗೆಗೆ ಜನ ಭರ್ತಿಯಾಗಿದೆ, ಕ್ಯಾಂಟೀನಿನಲ್ಲಿ ಬಡಿಸಲು ಬರುತ್ತೀಯಾ ಅಂದರು. ಬರುತ್ತೇನೆ ಅಂದೆ. ಅಪ್ಪ ಕುರಿಗಳ ಗೊರಸು ನೋಡುತ್ತ ಕೂತಿದ್ದವನು ತಲೆ ಎತ್ತದೆ ಒಂದೇ ಮಾತು ಹೇಳಿದ. "ಹೋಗು. ಕೆಲ್ಸ ಇರೋ ತಂಕ ಮದ್ವೆ ಮಾತು ಎತ್ತಲ್ಲ. ಕೆಲ್ಸ ಕಳ್ಕಂಡು ಬಂದ್ಯಾ, ಅವತ್ತೇ ನಿಮ್ಮಾವಂಗೆ ಕರ್ಕಂಡು ಹೋಗು ಅಂತೀನಿ." ಆ ವರ್ಷ ನಾನು ಮಾಡಿದ್ದಕ್ಕೆಲ್ಲ, ಮಾಡದೆ ಉಳಿದದ್ದಕ್ಕೂ, ಈ ಮಾತೇ ಕಾರಣ. ನೆಪ ಅಂದರೂ ಅನ್ನಿ.

ಕೆಲಸಕ್ಕೆ ಸೇರಿದ್ದು ಜೂನ್‌ನಲ್ಲಿ. ಆನವಟ್ಟಿಯಲ್ಲಿ ಫ್ಯಾಕ್ಟರಿ ಬಸ್ಸು ಹತ್ತಿದರೆ ಕಿಟಕಿಯ ಗಾಜಿನಿಂದ ಮಳೆ ನೀರು ತೊಡೆಯ ಮೇಲೆ ಸೋರುತ್ತಿತ್ತು. ಕ್ಯಾಂಟೀನು ಅಂದರೆ ಫ್ಯಾಕ್ಟರಿಯ ಹಿಂದೆ ತಗಡು ಹೊದಿಸಿದ ಉದ್ದನೆಯ ಶೆಡ್ಡು. ಅರ್ಧದಲ್ಲಿ ಅಡುಗೆ, ಅರ್ಧದಲ್ಲಿ ಊಟ. ಹೊರಗೆ ತಗಡಿನ ಮೇಲೆ ಮಳೆ ಬಡಿಯುವ ಸದ್ದು, ಒಳಗೆ ಒಲೆಗಳ ಭರ್ರೋ ಸದ್ದು, ಈ ಎರಡರ ಮೇಲೆ ಒಬ್ಬ ಮನುಷ್ಯನ ಗಂಟಲು. ಅವನೇ ಪರಮೇಶಪ್ಪ. ಅಡುಗೆಯ ಯಜಮಾನ. ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಐವತ್ತರ ಆಸುಪಾಸು, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಯಾವಾಗಲೂ ಮಾರುದ್ದದ ಕಬ್ಬಿಣದ ಸೌಟು. ಆ ಸೌಟಿನಿಂದ ಸಾರು ತಿರುವುತ್ತಿದ್ದ, ಅದರಿಂದಲೇ ನಮ್ಮ ಬೆನ್ನಿಗೂ ಕೊಡುತ್ತಿದ್ದ.

ಮೊದಲ ದಿನವೇ ಕೊಟ್ಟ. ಊಟದ ಗಂಟೆ ಹೊಡೆದರೆ ಮೂರು ಸರತಿ, ಒಂದೊಂದಕ್ಕೂ ಅರ್ಧ ಗಂಟೆ. ಹೊಲಿಗೆಯ ಹೆಂಗಸರು ಕಟ್ಟೆ ಒಡೆದ ನೀರಿನಂತೆ ನುಗ್ಗುತ್ತಿದ್ದರು. ನಾನು ಪಲ್ಯದ ಮುಂದೆ ನಿಂತಿದ್ದೆ. ನಮ್ಮ ಮನೆಯಲ್ಲಿ ಬಡಿಸಿದವರು ಕೇಳದೆ ಮುಂದೆ ಹೋಗುವ ರೂಢಿಯಿಲ್ಲ. ಅದೇ ಬಾಯಿಗೆ ಬಂತು. ಪ್ರತಿ ತಟ್ಟೆಗೂ ಒಂದು ಸೌಟು ಹಾಕಿ, "ಇನ್ನೊಂಚೂರು ಹಾಕ್ಲಾ?" ಅಂದೆ. ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಎರಡೆರಡು ಸೌಟು ಹೋಯಿತು, ಸಾಲು ನಿಂತಿತು, ಹಿಂದಿನವರು ಮುಂದಿನವರನ್ನು ತಳ್ಳಿದರು. ಯಾರೋ ಯಾರದೋ ಜಡೆ ಹಿಡಿದರು, ಇನ್ಯಾರೋ ತಟ್ಟೆಯಿಂದಲೇ ಮುಖಕ್ಕೆ ಬಾರಿಸಿದರು, ಒಬ್ಬಳ ಮೂಗಿನಿಂದ ರಕ್ತ ಸುರಿದು ಅವಳ ಅನ್ನದ ಮೇಲೆ ಬಿತ್ತು. ನಾನು ಬಾಯಿ ಬಿಟ್ಟು ನೋಡುತ್ತಿರುವಾಗಲೇ ಹಿಂದಿನಿಂದ ಹೆಗಲ ಮೂಳೆಯ ಮೇಲೆ ಸೌಟು ಬಿತ್ತು.

"ಏ, ಮದ್ವಿ ಮನಿ ಅಂದ್ಕಂಡಿಯೇನಲೇ ಇದು? ಬೀಗ್ರಿಗೆ ಬಡಸ್ತಿಯೇನು? ಹಾಕು, ಮುಂದ್ಕ ಕಳಿಸು!"

ಕುರಿಗಳ ನಡುವೆ ಬೆಳೆದವಳು ನಾನು, ಟಗರು ಗುದ್ದಿದರೂ ಅತ್ತವಳಲ್ಲ. ಅವತ್ತು ಕಣ್ಣಲ್ಲಿ ಬಳಬಳ ನೀರು ಬಂತು. ಪಕ್ಕದಲ್ಲಿ ಅನ್ನ ಬಡಿಸುತ್ತಿದ್ದ ಹೆಂಗಸು ನನ್ನ ಕಡೆ ತಿರುಗದೆ, ಕೈ ನಿಲ್ಲಿಸದೆ, ಮೆಲ್ಲಗೆ ಹೇಳಿದಳು. "ಅಳಬ್ಯಾಡವ್ವ, ಅತ್ರೆ ಮತ್ತೊಂದ್ ಬೀಳ್ತತಿ. ಬಡಸು." ಅವಳೇ ಗೌರಕ್ಕ. ಶಿಕಾರಿಪುರದ ಕಡೆಯವಳು, ಆಗ ಇದ್ದದ್ದು ಶಿರಾಳಕೊಪ್ಪದಲ್ಲಿ, ನಲವತ್ತೈದರ ಹೆಂಗಸು, ಗಂಡ ಇರಲಿಲ್ಲ. ಮಾಸ್ಟರ್ ಕೈಕೆಳಗೆ ಆ ಊರು ಈ ಊರು ಎಂದು ಬೇರೆ ಬೇರೆ ಕಡೆ ಹದಿನಾರು ವರ್ಷ ಬೇಯಿಸಿದವಳು. ಮೊಣಕೈಯಿಂದ ಕೆಳಗೆ ಅವಳ ಚರ್ಮ ಮೂರು ಬಣ್ಣದಲ್ಲಿತ್ತು. ಯಾವುದು ಎಣ್ಣೆ ಹಾರಿದ್ದು, ಯಾವುದು ಸೌಟು ಬಿದ್ದದ್ದು ಎಂದು ಅವಳಿಗೂ ನೆನಪಿರಲಿಲ್ಲ.

ದೊಡ್ಡ ಪಾತ್ರೆ ಎತ್ತುವುದನ್ನು ಕಲಿಸಿದವನು ಮಾಸ್ಟರೇ. ಸಾರಿನ ಪಾತ್ರೆಗೆ ಎರಡು ಕಿವಿ. ಎರಡು ಕಡೆ ಇಬ್ಬರು, ಕೈಗೆ ಮಡಿಸಿದ ಗೋಣಿತಾಟು. ಒಬ್ಬರ ಮಾತು, ಇಬ್ಬರ ಕೈ. "ಹಿಡಿ" ಅಂದರೆ ಕಿವಿ ಹಿಡಿಯಬೇಕು. "ಎತ್ತು" ಅಂದರೆ ಎತ್ತಿ ನಡೆಯಬೇಕು. ಕಟ್ಟೆಯ ಮೇಲೆ ಕೂರಿಸಿ "ಬಿಡು" ಅಂದ ಕ್ಷಣಕ್ಕೆ ಇಬ್ಬರೂ ಒಟ್ಟಿಗೆ ಕೈ ತೆಗೆಯಬೇಕು. ಒಬ್ಬರು ತಡ ಮಾಡಿದರೆ ಪಾತ್ರೆ ಓರೆಯಾಗಿ ಸಾರು ತುಳುಕುತ್ತದೆ. ಖಾಲಿ ಪಾತ್ರೆಗೆ ನೀರು ತುಂಬಿಸಿ ವಾರವಿಡೀ ಎತ್ತಿಸಿದ. ನಾನು ತಡ ಮಾಡಿದಾಗೆಲ್ಲ ಬೆರಳ ಗೆಣ್ಣಿನ ಮೇಲೆ ಸೌಟು ಬಿತ್ತು.

"ಬಿಡು ಅಂದ್ರ ಬಿಡು! ಯೋಚ್ನಿ ಮಾಡಾಕ ನೀನ್ಯಾರು? ಕಿವಿಗೆ ಬಿದ್ದ ಕೂಡ್ಲೆ ಕೈ ತೆರೀಬೇಕು!"

ವಾರ ಕಳೆಯುವಷ್ಟರಲ್ಲಿ ಕೈ ತಾನಾಗಿ ತೆರೆಯತೊಡಗಿತು. ಮನೆಯಲ್ಲಿ ಅವ್ವ ಯಾರಿಗೋ "ಹೋಗ್ಲಿ ಬಿಡು" ಅಂದರೂ ಕೈಯಲ್ಲಿದ್ದ ಲೋಟ ಬಿದ್ದುಹೋಗುತ್ತಿತ್ತು. ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಬೇಕೆಂದೇ ಬಾಗಿಲ ಸಂದಿಯಲ್ಲಿ ನಿಂತು "ಬಿಡು" ಎಂದು ಕೂಗಿ ಓಡುತ್ತಿದ್ದಳು.

ಶೆಡ್ಡಿನ ಹಿಂಬಾಗಿಲಿಗೆ ಒಂದು ಕಂದು ನಾಯಿ ಬರುತ್ತಿತ್ತು. ಗೌರಕ್ಕ ಕದ್ದು ಮುಚ್ಚಿ ಅದಕ್ಕೆ ಅನ್ನ ಹಾಕುತ್ತಿದ್ದಳು. ಆಗಸ್ಟಿನಲ್ಲಿ ಒಂದು ದಿನ ಅದು ಮಳೆಗೆ ಹೆದರಿ ಒಳಗೇ ಬಂದು ಒಲೆಯ ಪಕ್ಕ ಮುದುಡಿಕೊಂಡಿತು. ಮಾಸ್ಟರ್ ಏನೂ ಅನ್ನಲಿಲ್ಲ. ಅನ್ನ ಬಸಿದ ಕುದಿಯುವ ಗಂಜಿಯನ್ನು ಒಂದು ಚೊಂಬು ತುಂಬಿಕೊಂಡು ಅದರ ಬೆನ್ನಿನ ಮೇಲೆ ಸುರಿದ. ನಾಯಿ ಕೂಗಿದ್ದು ನಾಯಿಯ ಕೂಗಾಗಿರಲಿಲ್ಲ. ಹೊಲಿಗೆಯ ಹೆಂಗಸರು ಮೆಷಿನ್ ನಿಲ್ಲಿಸಿ ಕಿಟಕಿಗೆ ಬಂದರು. ಎರಡು ದಿನ ಬಿಟ್ಟು ಅದನ್ನು ಮೋರಿಯ ಪಕ್ಕ ನೋಡಿದೆ. ಬೆನ್ನಿನ ಚರ್ಮ ಕೂದಲ ಸಮೇತ ಸುಲಿದು ನೊಣ ಮುತ್ತಿತ್ತು. ಗೌರಕ್ಕ ಅದರ ಹತ್ತಿರ ಕೂತು ಅರಿಸಿನ ಹಚ್ಚಲು ನೋಡಿದಳು, ಅದು ಅವಳ ಕೈಯನ್ನೇ ಕಚ್ಚಿತು. ಮೂರನೆಯ ದಿನ ಅದು ಇರಲಿಲ್ಲ.

ಇಷ್ಟು ಕೇಳಿದ ಮೇಲೆ ನಾನು ಅವನನ್ನು ದ್ವೇಷಿಸುತ್ತಿದ್ದೆ ಅಂದುಕೊಳ್ಳುತ್ತೀರಿ. ಸುಳ್ಳು ಯಾಕೆ ಹೇಳಲಿ, ನನಗೆ ಅವನ ಹಾಗಾಗಬೇಕು ಅನ್ನಿಸಿತ್ತು. ಸೆಪ್ಟೆಂಬರಿನಲ್ಲಿ ಮೆಷಿನ್ ರಿಪೇರಿಯವನೊಬ್ಬ ಪಲ್ಯ ಹಾಕಿಸಿಕೊಳ್ಳುವಾಗ ನನ್ನ ಮಣಿಕಟ್ಟು ಹಿಡಿದು ಹಲ್ಲು ಕಿರಿದ. ನಾನು ಸೌಟಿನಿಂದ ಅವನ ಕಿವಿಯ ಮೇಲೆ ಬಿಟ್ಟೆ. ಕಿವಿ ಹರಿದು ಅಂಗಿ ಕೆಂಪಾಯಿತು. ಗದ್ದಲವಾಯಿತು, ಕೆಲಸ ಹೋಯಿತು ಎಂದುಕೊಂಡೆ. ಕಣ್ಣ ಮುಂದೆ ಮಾವನ ಮೀಸೆ ಬಂದು ನಿಂತಿತು. ಆಗ ಮಾಸ್ಟರ್ ಎದ್ದು ಬಂದು ಆ ಗಂಡಸನ್ನೇ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದ. ತಿರುಗಿ ನನ್ನನ್ನು ನೋಡಿ ಮೊದಲ ಸಲ ನಕ್ಕ.

"ಭೇಷ್! ಕೈ ಐತಿ ನಿನಗ. ನಾಳಿಂದ ಒಲಿ ಮುಂದ ಬಾ."

ಆಮೇಲೆ ನಿಜವಾಗಿ ಕಲಿಸಿದ. ಬೇಳೆ ಬೆಂದದ್ದನ್ನು ಮುಟ್ಟದೆ ಆವಿಯ ವಾಸನೆಯಿಂದ ತಿಳಿಯುವುದು, ಇನ್ನೂರು ಜನರ ಉಪ್ಪನ್ನು ಬೊಗಸೆಯಲ್ಲಿ ಹಿಡಿಯುವುದು, ಒಗ್ಗರಣೆಯ ಸಾಸಿವೆ ಸಿಡಿದು ನಿಂತ ಆ ಒಂದು ಚಣ ಹಿಡಿದು ಕರಿಬೇವು ಎಸೆಯುವುದು. ಇವತ್ತು ನಾನು ಮಾಡುವ ಸಾರು ಅವನದೇ. ಒಮ್ಮೆ ಹಸಿ ಕಡಲೆ ಹಿಟ್ಟು ಕಲಸುತ್ತ, ತಾನೂ ಹೋಟೆಲುಗಳಲ್ಲಿ ಒದೆ ತಿಂದೇ ಕಲಿತದ್ದು ಎಂದ. ಬೆನ್ನು ತೋರಿಸಿದ. ಅಲ್ಲಿ ಜಾಲರಿ ಸೌಟಿನ ಗುರುತು ಸಾಲು ಸಾಲಾಗಿತ್ತು. "ಹೊಡಿಸ್ಕಳ್ದೆ ಯಾರಿಗೆ ಅಡಿಗಿ ಬಂದೈತಿ?" ಎಂದ. ಹೌದಲ್ಲ ಅನ್ನಿಸಿತು ನನಗೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಜನವರಿಯ ಹೊತ್ತಿಗೆ ಹೆಂಗಸರು ನನ್ನನ್ನು ಮರಿ ಮಾಸ್ಟರ್ ಅನ್ನುತ್ತಿದ್ದರು. ತಮಾಷೆಗೆ ಅಂತ ನಾನು ತಿಳಿದಿದ್ದೆ. ಒಂದು ದಿನ ಎರಡನೆಯ ಸರತಿಗೆ ಅನ್ನ ತಡವಾಯಿತು. ಗೌರಕ್ಕನಿಗೆ ಬೆಳಗ್ಗೆಯಿಂದ ಜ್ವರ, ಬಸಿಯುವ ಕೈ ನಿಧಾನವಾಗಿತ್ತು. ಸಾಲಿನಲ್ಲಿ ಕೂಗಾಟ ಶುರುವಾಯಿತು. ನನಗೆ ತಲೆಗೆ ಏರಿತು. "ಎಷ್ಟೊತ್ತು ಮಾರಾಯ್ತಿ!" ಎಂದವಳೇ ಸೌಟು ತಿರುಗಿಸಿ ಅವಳ ಬೆರಳ ಗೆಣ್ಣಿನ ಮೇಲೆ ಹೊಡೆದೆ. ಮೂಳೆ ತಾಗಿದ ಸದ್ದು ನನಗೆ ಕೇಳಿಸಿತು. ಗೌರಕ್ಕ ಕೈ ಎಳೆದುಕೊಳ್ಳಲಿಲ್ಲ. ತಲೆ ಎತ್ತಿ ನನ್ನ ಮುಖವನ್ನು ನೋಡಿದಳು, ಎಲ್ಲೋ ನೋಡಿದ್ದೇನಲ್ಲ ಅನ್ನುವ ಹಾಗೆ.

"ಕಲ್ತ್ಯಲ್ಲ ನೀನೂ," ಎಂದಳು. ಅಷ್ಟೇ. ಅನ್ನ ಬಸಿದಳು.

ಅವತ್ತು ಸಂಜೆ ಬಸ್ಸಿನಲ್ಲಿ ಅವಳ ಪಕ್ಕ ಕೂರಲು ಹೋದೆ. ಸೀಟಿನ ಮೇಲೆ ತನ್ನ ಚೀಲ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಕ್ಷಮಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಊರಿಗೆಲ್ಲ ಕೇಳಿಸುವ ಬಾಯಿ ನನ್ನದು, ಆ ಒಂದು ಮಾತಿಗೆ ಮಾತ್ರ ಬೀಗ ಬಿತ್ತು.

ಮಾರ್ಚಿಗೆ ಬಿಸಿಲು ಹಿಡಿಯಿತು. ತಗಡಿನ ಕೆಳಗೆ ಆರು ಒಲೆ ಉರಿದರೆ ಉಸಿರೂ ಬೆಂದ ಹಾಗಿರುತ್ತಿತ್ತು. ಮಾಸ್ಟರಿಗೆ ಆಗ ಎಲ್ಲದಕ್ಕೂ ಸಿಟ್ಟು. ಬಾಗಿಲು ಕಿರ್ ಅಂದರೂ ಸಿಟ್ಟು, ನಾವು ನೀರು ಕುಡಿದರೂ ಸಿಟ್ಟು. ಆ ದಿನ ಸಾರಿನ ಬೇಳೆ ತಳ ಹಿಡಿಯಿತು. ತಿರುವುತ್ತಿದ್ದವಳು ಗೌರಕ್ಕ. ವಾಸನೆ ಬಂದದ್ದೇ ನಾವಿಬ್ಬರೂ ಪಾತ್ರೆ ಇಳಿಸಲು ಓಡಿದೆವು. "ಹಿಡಿ" ಅಂದೆ, ಹಿಡಿದೆವು. "ಎತ್ತು" ಅಂದೆ, ಎತ್ತಿದೆವು. ಕುದಿಯುವ ಸಾರು ತುಂಬಿದ ಪಾತ್ರೆ ನಮ್ಮಿಬ್ಬರ ನಡುವೆ ತೂಗುತ್ತಿತ್ತು, ಕಟ್ಟೆ ಇನ್ನು ನಾಲ್ಕು ಹೆಜ್ಜೆ ದೂರ.

ಆಗ ಮಾಸ್ಟರ್ ಬಂದ. ಗೌರಕ್ಕನ ಪಕ್ಕಕ್ಕೆ ಬಂದು ನಿಂತು, ಎಡಗೈಯಲ್ಲಿ ಅವಳ ತುರುಬು ಹಿಡಿದು ತಲೆಯನ್ನು ಹಿಂದಕ್ಕೆ ಜಗ್ಗಿದ. ಕೈಯಲ್ಲಿ ಬೆಂಕಿಯಂಥ ಪಾತ್ರೆ ಹಿಡಿದ ಹೆಂಗಸಿನ ತುರುಬು! ಅವಳ ಗಂಟಲು ಮೇಲಕ್ಕೆ ಎದ್ದಿತು. ಬಲಗೈಯ ಸೌಟಿನಿಂದ ಅವಳ ಸೊಂಟದ ಮೇಲೆ ಒಂದು, ಬೆನ್ನಿನ ಮೇಲೆ ಒಂದು. "ಹೊತ್ತಿಸಿದ್ಯೇನಲೇ! ನಿನ್ನ..." ಎಂದು ಬೈದ ಬೈಗುಳವನ್ನು ನಾನು ಬರೆಯಲಾರೆ. ಮೂರನೆಯದಕ್ಕೆ ಸೌಟು ಎತ್ತಿದ.

"ಬಿಡು!" ಎಂದು ಕಿರುಚಿದೆ.

ನಾನು ಅಂದದ್ದು ಅವನಿಗೆ. ಅವಳ ಕೂದಲು ಬಿಡು ಎಂದು. ದಿನವೂ ಅವನಿಗೆ ಅನ್ನುತ್ತಿದ್ದ ಹಾಗೆ "ಬಿಡ್ರಿ" ಅಂದಿದ್ದರೆ ಯಾರಿಗೆ ಅಂದದ್ದು ಎಂದು ಗೊತ್ತಾಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಬಾಯಿಗೆ ಆ 'ರಿ' ಬರಲಿಲ್ಲ. ನಾಯಿಯ ಬಾಯಲ್ಲಿನ ಮರಿಯನ್ನು ಬಿಡಿಸುವಾಗ ಕೂಗುವ ಹಾಗೆ ಬಂತು. ಆ ಅಡುಗೆಮನೆಯಲ್ಲಿ ಬರಿಯ 'ಬಿಡು' ಅಂದರೆ ಒಂದೇ ಅರ್ಥ.

ಗೌರಕ್ಕನ ಕೈ ತೆರೆಯಿತು. ನನ್ನ ಕಡೆಯ ಕಿವಿ ನನ್ನ ಕೈಯಲ್ಲೇ ಇತ್ತು, ಅವಳ ಕಡೆ ಪಾತ್ರೆ ಧಸಕ್ಕನೆ ಬಾಗಿತು. ಅಷ್ಟೂ ಸಾರು ಮಾಸ್ಟರನ ಬರಿ ತೊಡೆಗಳ ಮೇಲೆ, ಮೊಣಕಾಲ ಮೇಲೆ, ಪಾದದ ಮೇಲೆ ಸುರಿಯಿತು. ಒಂದು ಪಾಲು ಗೌರಕ್ಕನ ಬಲಗಾಲ ಮೇಲೂ ಬಿತ್ತು. ಅವನು ಕೂಗಿದ. ಆ ಕೂಗನ್ನು ನಾನು ಆಗಸ್ಟಿನಲ್ಲಿ ಒಮ್ಮೆ ಕೇಳಿದ್ದೆ. ಅಂಟಿದ ಬೇಳೆಯನ್ನು ಒರೆಸಿಕೊಳ್ಳಲು ಹೋದ, ಕೈಗೆ ಚರ್ಮವೇ ಬಂತು. ಅಲ್ಲೇ ಜಾರಿ ಬಿದ್ದು ಸಾರಿನಲ್ಲೇ ಹೊರಳಿದ. ನಾನು ಬಕೆಟ್ಟುಗಟ್ಟಲೆ ತಣ್ಣೀರು ಹೊಯ್ದೆ, ಅಳುತ್ತ, ಬೈಯುತ್ತ, ಯಾರಿಗೆ ಬೈದೆನೋ ಗೊತ್ತಿಲ್ಲ. ಗೌರಕ್ಕ ತನ್ನ ಕಾಲನ್ನು ನೋಡಿಕೊಳ್ಳಲೇ ಇಲ್ಲ. ಬಿಚ್ಚಿಹೋದ ತುರುಬನ್ನು ಎರಡೂ ಕೈಯಿಂದ ಸುತ್ತಿ ಕಟ್ಟುತ್ತ ನಿಂತಿದ್ದಳು.

ಮಾಸ್ಟರನ್ನು ಶಿವಮೊಗ್ಗಕ್ಕೆ ಒಯ್ದರು. ಆಸ್ಪತ್ರೆಯಿಂದ ಸುದ್ದಿ ಹೋಗಿ ಪೊಲೀಸರು ಬಂದರು. ಅದಕ್ಕೂ ಮೊದಲು ಮ್ಯಾನೇಜರ್ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದ. ಗೌರಕ್ಕನ ಪಾದಕ್ಕೆ ಬಿಳಿ ಬಟ್ಟೆ ಸುತ್ತಿತ್ತು, ಕೂರು ಎಂದು ಯಾರೂ ಅನ್ನಲಿಲ್ಲ.

"ಬಿಡು ಅಂತ ಒಂದ್ ಹೆಣ್ಣು ದನಿ ಕೂಗ್ತಂತೆ. ಹೊಲಿಗೆಯವ್ರು ಕೇಳಿದಾರೆ. ಯಾರದು?" ಎಂದ ಮ್ಯಾನೇಜರ್. "ಹಾಗೆ ಕೂಗಿ ಬೇಕಂತ ಸುರಿಸಿದ್ರೆ ಅದು ಕೆಲ್ಸ ಹೋಗೋ ಮಾತಲ್ಲ, ಜೈಲಿನ ಮಾತು. ಗೊತ್ತಾಯ್ತಾ?"

ಸರ್, ನಾನು ಕೂಗಿದೆ, ಅವಳ ಕೂದಲು ಬಿಡು ಎಂದು ಕೂಗಿದೆ, ಅಷ್ಟು ಹೇಳಿದ್ದರೆ ಸಾಕಿತ್ತು. ಅಪ್ಪನ ಮಾತು ನೆನಪಾಯಿತು. ಮಾವನ ಮೊದಲ ಹೆಂಡತಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕೈ ನೆನಪಾಯಿತು. ನಾನು ನೆಲ ನೋಡಿದೆ.

"ಯಾರೂ ಕೂಗ್ಲಿಲ್ರಿ ಸಾಹೇಬ್ರೆ," ಎಂದಳು ಗೌರಕ್ಕ. "ಗೋಣಿತಾಟು ಒದ್ದಿ ಇತ್ತು. ನನ್ ಕೈ ಜಾರ್ತು. ಈ ಹುಡುಗಿ ತನ್ ಕಡಿ ಗಟ್ಟಿಯಾಗೇ ಹಿಡಿದಿದ್ಲು."

ಪೊಲೀಸರೂ ಅದನ್ನೇ ಬರೆದುಕೊಂಡು ಹೋದರು. ಮಾರನೆಯ ದಿನದಿಂದ ಗೌರಕ್ಕನಿಗೆ ಕೆಲಸ ಇರಲಿಲ್ಲ. ವಾರ ಕಳೆದ ಮೇಲೆ, ಒಲೆ ಬಲ್ಲವರು ಬೇರೆ ಯಾರೂ ಇಲ್ಲವೆಂದು ಮಾಸ್ಟರ್ ಜಾಗಕ್ಕೆ ನನ್ನನ್ನೇ ನಿಲ್ಲಿಸಿದರು. ಗೋಡೆಯ ಮೊಳೆಯಲ್ಲಿ ಅವನ ಸೌಟು ತೂಗುತ್ತಿತ್ತು. ಅದನ್ನು ಒಯ್ದು ಮೋರಿಗೆ ಎಸೆದೆ. ಆ ದಿನದಿಂದ ಯಾರ ಮೇಲೂ ಕೈ ಮಾಡಿಲ್ಲ. ಮಾಸ್ಟರ್ ಬದುಕಿದ. ಆದರೆ ಮತ್ತೆ ಒಲೆಯ ಮುಂದೆ ನಿಲ್ಲಲಿಲ್ಲ, ಕೋಲು ಹಿಡಿದು ನಡೆಯುತ್ತಾನಂತೆ. ನನ್ನ ಮಾವ ಎರಡು ವರ್ಷ ಕಾದು ಬೇರೆ ಯಾರನ್ನೋ ಕಟ್ಟಿಕೊಂಡ. ಆ ಹುಡುಗಿಯ ವಿಚಾರ ನಾನು ಯಾರನ್ನೂ ಕೇಳಿಲ್ಲ.

ಹಾಸ್ಟೆಲಿನಲ್ಲಿ ತಟ್ಟೆಗಳು ಬಿದ್ದ ಮೇಲಿನ ವಾರ ರಜೆ ಹಾಕಿ ಹುಡುಕಿಕೊಂಡು ಹೊರಟೆ. ಗೌರಕ್ಕ ಶಿರಾಳಕೊಪ್ಪದ ಸಂತೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾಳೆ ಎಂದು ಗೊತ್ತಾಯಿತು. ಹೋದಾಗ ಮಧ್ಯಾಹ್ನ. ಬಾಣಲೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು. ತುರುಬು ಇರಲಿಲ್ಲ. ಬಲಗಾಲ ಮೇಲೆ ಸಾರು ಬಿದ್ದ ಕಡೆ ಬಿಳಿಯ ಕಲೆ ಉಳಿದಿತ್ತು. ನನ್ನ ಗುರುತು ಹಿಡಿಯಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

"ರೇಣುಕಾ ಅಲ್ಲೇನೇ? ಬಾ, ಕೂಡು. ದಪ್ಪ ಆಗೀದಿ," ಎಂದು ತಟ್ಟೆಗೆ ಮಂಡಕ್ಕಿ ಸುರಿದು ಮೇಲೆ ಎರಡು ಬಿಸಿ ಮೆಣಸಿನಕಾಯಿ ಇಟ್ಟಳು.

ತಿನ್ನಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿ ಒಂದೇ ಉಸಿರಿಗೆ ಬಂತು. "ಅಕ್ಕ, ಅವತ್ತು ಬಿಡು ಅಂತ ಕೂಗಿದ್ದು ನಾನು. ಅವ್ನಿಗೆ ಅಂದೆ, ನೀನು ಪಾತ್ರೆ ಬಿಟ್ಟೆ. ಆಫೀಸಲ್ಲಿ ಬಾಯಿ ಬಿಡ್ಲಿಲ್ಲ ನಾನು. ನಿನ್ ಕೆಲ್ಸ ತಿಂದೆ. ತಪ್ಪಾಯ್ತು."

ಅವಳು ಜಾಲರಿ ಸೌಟಿನಿಂದ ಎಣ್ಣೆಯಲ್ಲಿ ಮೆಣಸಿನಕಾಯಿ ತಿರುಗಿಸುತ್ತಿದ್ದಳು. "ಏನಂತ ಕೂಗಿದ್ದಿ?"

"ಬಿಡು ಅಂತ."

"ಹಂಗೇನು? ನನಗ ಕೇಳಲೇ ಇಲ್ಲಲ್ಲವ್ವ."

"ನನ್ನ ಸಮಾಧಾನಕ್ಕೆ ಹಾಗನ್ಬೇಡಕ್ಕ. ನಾ ಕೂಗಿದ್ದಕ್ಕೇ ನಿನ್ ಕೈ..."

"ಏಯ್!" ಸೌಟನ್ನು ಬಾಣಲೆಯ ಅಂಚಿಗೆ ಠಣ್ ಎಂದು ಕುಟ್ಟಿದಳು. ನನ್ನ ಹೆಗಲು ತಾನಾಗಿ ಮುದುಡಿತು. ಪಕ್ಕದ ಬಳೆಯಂಗಡಿಯವಳು ತಿರುಗಿ ನೋಡಿದಳು. ಗೌರಕ್ಕ ದನಿ ತಗ್ಗಿಸಿದಳು. "ಅವ ತುರುಬಿಗೆ ಕೈ ಹಾಕಿದ್ನಲ್ಲ, ಆವಾಗ ಕೆಳಗ ನೋಡ್ದೆ ನಾನು. ಅವನ ಕಾಲು ಎಲ್ಲೈತಿ ಅಂತ ನೋಡ್ದೆ. ನಿನ್ ಕಾಲು ಎಲ್ಲೈತಿ ಅಂತಾನೂ ನೋಡ್ದೆ. ನೀನೂ ನನ್ ಬೆರಳಿಗೆ ಹೊಡದಿದ್ದಿ, ಮರ್ತೀಯೇನು? ನನ್ ಕಡಿ ಎತ್ತಿದ್ರ ಸಾರು ನಿನ್ ಮ್ಯಾಲೆ. ಬಿಟ್ರ ಅವನ ಮ್ಯಾಲೆ. ನೋಡೇ ಬಿಟ್ಟೆ."

ನನಗೆ ಎಣ್ಣೆ ಸುರ್‍ರೆನ್ನುವುದು ಮಾತ್ರ ಕೇಳಿಸುತ್ತಿತ್ತು.

"ಹದಿನಾರು ವರ್ಷ ಅವ ಹಿಡಿ ಅಂದ್ರ ಹಿಡಿದೆ, ಎತ್ತು ಅಂದ್ರ ಎತ್ತಿದೆ, ಬಿಡು ಅಂದ್ರ ಬಿಟ್ಟೆ. ಅದೊಂದ್ ಸಲ ನಾನಾಗೇ ಬಿಟ್ಟಿದ್ದು. ಅದನ್ನೂ ನೀ ಹೇಳಿದ್ದಕ್ಕ ಮಾಡ್ದೆ ಅಂತ ಮಾಡಬ್ಯಾಡ," ಎಂದಳು. "ಅದು ನಂದು."

ನಾನು ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡೆ. ಇಷ್ಟು ವರ್ಷ ನನ್ನದೆಂದು ಹೊತ್ತು ತಿರುಗಿದ ತಪ್ಪು ನನ್ನದಾಗಿರಲಿಲ್ಲ, ನನ್ನದಾಗಿದ್ದದ್ದು ಆ ಒಂದು ಏಟು. ಅದನ್ನು ಅವಳು ಅವತ್ತೇ ತೂಗಿ ನೋಡಿ ಬದಿಗಿಟ್ಟಿದ್ದಳು. ಅವಳ ಬೆರಳುಗಳನ್ನು ನೋಡಿದೆ. ಒಂದು ಗೆಣ್ಣು ಸ್ವಲ್ಪ ಸೊಟ್ಟಗಿತ್ತು. ಅದೇನಾ ಎಂದು ಕೇಳಲು ಧೈರ್ಯ ಬರಲಿಲ್ಲ. ತಲೆ ಬಗ್ಗಿಸಿ ಮಂಡಕ್ಕಿ ತಿಂದೆ, ಖಾರಕ್ಕೋ ಏನಕ್ಕೋ ಕಣ್ಣಲ್ಲಿ ನೀರು ಸುರಿಯಿತು. ಈ ಸಲ ಯಾರೂ ಅಳಬೇಡ ಅನ್ನಲಿಲ್ಲ.

ತಟ್ಟೆ ಖಾಲಿಯಾಗುತ್ತಿದ್ದ ಹಾಗೆ ಗೌರಕ್ಕ ಬಾಣಲೆಯಿಂದ ಸೌಟು ಎತ್ತಿ, ಎಣ್ಣೆ ಸೋರಿಸಿ, ನನ್ನ ಕಡೆ ಬಾಗಿದಳು.

"ಇನ್ನೊಂಚೂರು ಹಾಕ್ಲೇನು?" ಎಂದಳು.

ನಾನು ತಟ್ಟೆ ಮುಂದೆ ಹಿಡಿದೆ.